ಮುಲಾಜಿಗೆ ಬಿದ್ದ ಆಟಗಾರ

ಲಾಸ್ ಏಂಜಲೀಸಿನ ಬಳಿ, ಟೊರೆನ್ಸಿನಿಂದ ರೆಡೊಂಡೊ ಬೀಚಿಗೆ ಹೋಗುವ ರಸ್ತೆಯಲ್ಲಿ, ಡೋನಟ್ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ, ರಾಣೆಬೆನ್ನೂರಿನ ಕರಿಬಸಪ್ಪನ ಸ್ಪೋರ್ಟ್ಸ್ ಅಂಗಡಿ ಇತ್ತು. ಬೂಟು, ಚೆಂಡು, ಮಂಡಿಗೆ ಕಟ್ಟುವ ಪಟ್ಟಿ, ಹೆಸರು ನಂಬರು ಅಚ್ಚು ಹಾಕಿಕೊಡುವ ಜೆರ್ಸಿ. ಕರಿಬಸಪ್ಪ ಜೀವಮಾನದಲ್ಲಿ ಒಮ್ಮೆಯೂ ಫುಟ್‌ಬಾಲ್ ಒದ್ದವನಲ್ಲ. ಆದರೆ ಬಾಗಿಲು ದಾಟಿ ಬಂದವನ ನಡಿಗೆ ನೋಡಿಯೇ ಬೂಟಿನ ಅಳತೆ ಹೇಳುತ್ತಿದ್ದ. ಮುಖ ನೋಡಿದರೆ ಗಿರಾಕಿ ಕೊಳ್ಳುವವನೋ, ಮುಟ್ಟಿ ನೋಡಿ ಹೋಗುವವನೋ ತಿಳಿಯುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ವಿದ್ಯೆಯೊಂದು ಅವನಿಗೆ ಕರಗತವಾಗಿತ್ತು. ಯಾರಿಗೆ ಏನನ್ನು ಬಿಟ್ಟಿಯಾಗಿ ಕೊಟ್ಟರೆ ಅವರು ಎಷ್ಟು ವರ್ಷ ತನ್ನ ಮಾತು ತೆಗೆದುಹಾಕುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೆಂಡತಿ ಅರುಂಧತಿ ಇದಕ್ಕೆ ಮುಲಾಜಿನ ವ್ಯಾಪಾರ ಎಂದು ಹೆಸರಿಟ್ಟಿದ್ದಳು. ಹೊಗಳಿ ಇಟ್ಟ ಹೆಸರೇನೂ ಅಲ್ಲ.

2008ರ ಅಕ್ಟೋಬರಿನಲ್ಲಿ ಆ ಬಾಗಿಲು ದಾಟಿ ಬಂದವನು ಶಿಂಪೇ ಓತ್ಸುಬೊ. ಇಪ್ಪತ್ಮೂರು ವರ್ಷ, ಬಡಕಲು ಮೈ, ಬಾಯಿ ಬಿಟ್ಟ ಬೂಟಿಗೆ ಟೇಪು ಸುತ್ತಿಕೊಂಡಿದ್ದ. ಜಪಾನಿನ ತೊತ್ತೊರಿ ಎಂಬ ಕಡೆ ಮೂರನೆಯ ದರ್ಜೆಯ ಕ್ಲಬ್ಬಿನಲ್ಲಿ ಎಡ ಅಂಚಿನಲ್ಲಿ ಓಡುತ್ತಿದ್ದವನು. ಅಲ್ಲಿ ಬೇಡವಾದ ಮೇಲೆ ಲಾಸ್ ಏಂಜಲೀಸಿನ ಒಂದು ಸಣ್ಣ ಕ್ಲಬ್ಬು ಅವನನ್ನು ಕರೆಸಿಕೊಂಡಿತ್ತು. ಆ ಕ್ಲಬ್ಬಿನ ಆಟ ನೋಡಲು ಮುನ್ನೂರು ಜನ ಬಂದರೆ ಅದರಲ್ಲಿ ಅರ್ಧ ಆಟಗಾರರ ನೆಂಟರು. ಆದರೂ ವೃತ್ತಿ ಆಟಗಾರ ಆಟಗಾರನೇ. ಊರಿನಲ್ಲಿ ಅವನ ತಾಯಿ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತ, ಮಗನ ಹೆಸರು ಬಂದ ಪತ್ರಿಕೆಯ ತುಣುಕುಗಳನ್ನು ಪುಸ್ತಕಕ್ಕೆ ಅಂಟಿಸುತ್ತಿದ್ದಳು.

ಇಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ಕರಿಬಸಪ್ಪನ ಇಂಗ್ಲಿಷಿಗೆ ರಾಣೆಬೆನ್ನೂರಿನ ಮೈಯೇ ಇದ್ದುದರಿಂದ ಇಲ್ಲಿ ಅದನ್ನು ಹಾಗೇ ಬರೆಯುವುದು ಸರಿ.

"ಹೆಸರೇನಪಾ ನಿಂದು?"

"ಶಿಂಪೇ."

"ನಮ್ಮೂರಾಗ ಸಿಂಪಿಗ್ಯಾರು ಬಟ್ಟಿ ಹೊಲೀತಾರ. ನೀ ನೋಡಿದ್ರ ಬೂಟ್ ಹರಕೊಂಡ ಬಂದೀ."

ಶಿಂಪೇಗೆ ಅರ್ಥವಾಗಲಿಲ್ಲ. ನಕ್ಕ. ಅರ್ಥವಾಗದಿದ್ದಾಗ ನಗುವುದು, ಬೇಡವೆನಿಸಿದಾಗಲೂ ನಗುವುದು ಅವನ ಅಭ್ಯಾಸ ಎಂದು ಕರಿಬಸಪ್ಪ ಆ ಕ್ಷಣವೇ ಗುರುತು ಹಾಕಿಕೊಂಡ. ಒಳಗೆ ಹೋಗಿ ಗಿಣಿಹಸಿರು ಬಣ್ಣದ ಒಂದು ಜೊತೆ ಬೂಟು ತಂದ. ಒಂದೂವರೆ ವರ್ಷದಿಂದ ಯಾರೂ ಮುಟ್ಟದಿದ್ದ ಮಾಲು ಅದು. ಅದನ್ನು ಒಡಹುಟ್ಟಿದವನಿಗೆ ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟು, ದುಡ್ಡು ಬೇಡ ಎಂದ.

ಮೂರನೆಯ ದಿನ ಶಿಂಪೇ, ಜಪಾನಿ ಅಂಗಡಿಗಳಿರುವ ಗಾರ್ಡೀನಾದಿಂದ ಸಿಹಿಯ ಪೊಟ್ಟಣ ಹಿಡಿದು ಬಂದ. ಅಕ್ಕಿಹಿಟ್ಟಿನೊಳಗೆ ಕೆಂಪು ಕಾಳಿನ ಹೂರಣ. "ಹೂರಣದ ಕಡಬು ಇದ್ದಂಗ ಐತಲ್ರೀ," ಎಂದು ಅರುಂಧತಿ ಬೆರಗಾದಳು. ಅವಳು ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿದಳು. ಡಬ್ಬಿ ಸ್ಟ್ರಾಬೆರಿ ತುಂಬಿಕೊಂಡು ವಾಪಸು ಬಂತು. ಚಟ್ನಿಪುಡಿ ಹೋಯಿತು, ಒಣಗಿಸಿದ ಮೀನು ಬಂತು. ಅರುಂಧತಿ ಆ ಮೀನನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕದ ಹಲ್ಲಿನ ಡಾಕ್ಟರಿಗೆ ದಾಟಿಸಿದಳು. ಆದರೂ ಡಬ್ಬಿಯನ್ನು ಖಾಲಿ ವಾಪಸು ಕೊಡಬಾರದೆಂಬುದು ತಿಳಿದ ಈ ಹುಡುಗ ನಮ್ಮ ಮಂದಿಯೇ ಎಂದು ತೀರ್ಮಾನಿಸಿಬಿಟ್ಟಳು.

ಕರಿಬಸಪ್ಪ ಬೇರೆಯೇ ತೀರ್ಮಾನಕ್ಕೆ ಬಂದಿದ್ದ. ನಮ್ಮವರಿಗೆ ಏನಾದರೂ ಕೊಟ್ಟರೆ ಮುಲಾಜಿಗೆ ಬೀಳುತ್ತಾರೆ, ಆರು ತಿಂಗಳಿಗೆ ಎದ್ದುಬಿಡುತ್ತಾರೆ. ಈತನಿಗೆ ಕೊಟ್ಟರೆ ತಿರುಗಿ ಕೊಡುವವರೆಗೆ ನಿದ್ದೆ ಬರುವುದಿಲ್ಲ.

ಶಿಂಪೇಯ ಬದುಕು ಋತುಗಳ ಮೇಲೆ ನಿಂತಿತ್ತು. ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಕ್ಲಬ್ಬು. ಚಳಿಗಾಲದಲ್ಲಿ ಸ್ಯಾನ್ ಡಿಯಾಗೊಕ್ಕೆ ಹೋಗಿ, ಸುತ್ತ ಗೋಡೆಯಿರುವ ಒಳಾಂಗಣದಲ್ಲಿ, ಚೆಂಡು ಗೋಡೆಗೆ ಬಡಿದು ವಾಪಸು ಬರುವ ಆಟ. ಎರಡು ಕೋಣೆಯ ಮನೆಯಲ್ಲಿ ಆರು ಜನ ಆಟಗಾರರು. 2011ರಲ್ಲಿ ಅವನು ಬೇಸಿಗೆಯೊಂದರಲ್ಲೇ ಹನ್ನೊಂದು ಗೋಲು ಹೊಡೆದ. ಆ ವರ್ಷ ಕ್ಲಬ್ಬಿನವರಿಗೆ ಅವನೇ ಹೇಳಿ, ಅವರ ಜೆರ್ಸಿಯ ಕೆಲಸವನ್ನೆಲ್ಲ ಕರಿಬಸಪ್ಪನ ಅಂಗಡಿಗೆ ಕೊಡಿಸಿದ. ಬೂಟಿನ ಉಪಕಾರ ಅಲ್ಲಿಗೆ ಹತ್ತು ಪಟ್ಟು ತೀರಿತ್ತು. ಕರಿಬಸಪ್ಪ ಅದನ್ನು ತೀರಲು ಬಿಡಲಿಲ್ಲ. ಅದೇ ವಾರ ಇನ್ನೊಂದು ಜೊತೆ ಬೂಟು ಕೊಟ್ಟ. ಈ ಸಲ ಒಳ್ಳೆಯ ಬಣ್ಣದ್ದು.

ಕರಿಬಸಪ್ಪನ ಮಗಳು ಸಿಂಧೂರಳಿಗೆ ಆಗ ಒಂಬತ್ತು ವರ್ಷ. ಅಂಗಡಿಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಶಿಂಪೇ ಅವಳಿಗೆ ಎಡಗಾಲಲ್ಲಿ ಒದೆಯುವುದನ್ನು ಕಲಿಸುತ್ತಿದ್ದ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಆ ಹುಡುಗಿ ಅವನೊಂದಿಗೆ ಮಾತೇ ಇಲ್ಲದೆ ತಾಸುಗಟ್ಟಲೆ ಆಡುತ್ತಿದ್ದಳು.

ಇನ್ನು ಕನ್ನಡಿಗರ ಮ್ಯಾಚಿನ ವಿಷಯ. ಪ್ರತಿ ನವೆಂಬರಿನಲ್ಲಿ ಸ್ಯಾನ್ ಡಿಯಾಗೊದ ಒಂದು ಪಾರ್ಕಿನಲ್ಲಿ ರಾಜ್ಯೋತ್ಸವದ ಪಿಕ್‌ನಿಕ್ ನಡೆಯುತ್ತಿತ್ತು. ಬಿಸಿಬೇಳೆಭಾತ್, ಹಗ್ಗಜಗ್ಗಾಟ, ಕೊನೆಗೆ ಲಾಸ್ ಏಂಜಲೀಸಿನವರಿಗೂ ಸ್ಯಾನ್ ಡಿಯಾಗೊದವರಿಗೂ ಫುಟ್‌ಬಾಲ್. ಸ್ಯಾನ್ ಡಿಯಾಗೊದ ತಂಡದಲ್ಲಿ ಯೂನಿವರ್ಸಿಟಿಯ ಹುಡುಗರು. ಲಾಸ್ ಏಂಜಲೀಸಿನ ಕಡೆ ಗೃಹಸ್ಥರು. ಗೋಲ್‌ಕೀಪರ್ ಓಂಕಾರಪ್ಪ ರಾಕೆಟ್ಟಿನ ಕಂಪನಿಯ ಎಂಜಿನಿಯರು; ಚೆಂಡು ಯಾವ ಕೋನದಲ್ಲಿ ಬರುತ್ತದೆಂದು ಸರಿಯಾಗಿ ಊಹಿಸಿ, ಅದು ಒಳಗೆ ಹೋದ ಮೇಲೆ ಜಿಗಿಯುತ್ತಿದ್ದ. ಜೆರ್ಸಿ ಕರಿಬಸಪ್ಪನದು, ಎದೆಯ ಮೇಲೆ ಅಂಗಡಿಯ ಹೆಸರು. ನಾಲ್ಕು ವರ್ಷ ಸತತ ಸೋಲು. ಎದುರಾಳಿ ತಂಡದ ಕ್ಯಾಪ್ಟನ್ ಬಾಲಸುಬ್ರಹ್ಮಣ್ಯ ಎಂಬ ವಿದ್ಯಾರ್ಥಿ ಊಟದ ಸಾಲಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದ:

"ಅಂಕಲ್, ಒಂದು ಸಜೆಶನ್. ನಿಮ್ಮವರು ಯಾವಾಗ್ಲೂ ನಮ್ಮ ಹಿಂದೆನೇ ಓಡ್ತಿರ್ತಾರೆ. ಎದೆ ಮೇಲಿನ ಹೆಸರು ಓದೋಕೆ ನಮಗೆ ಚಾನ್ಸೇ ಸಿಗಲ್ಲ."

"ಓದಾಕ ಬಂದೀಯೇನೋ ಆಡಾಕ ಬಂದೀಯೋ?" ಎಂದ ಕರಿಬಸಪ್ಪ. ಮಾತಿಗೆ ಮಾತು ಕೊಟ್ಟನಾದರೂ ಅದು ಒಳಗೆ ಮುಳ್ಳಿನಂತೆ ಉಳಿಯಿತು.

2012ರ ನವೆಂಬರ್ ಎರಡನೆಯ ವಾರ ಶಿಂಪೇ ಅಂಗಡಿಗೆ ಬಂದ. ಮೊದಲ ಸಲ ಕೈಯಲ್ಲಿ ಏನೂ ಇರಲಿಲ್ಲ. ಉತ್ತರದ ಒಂದು ದೊಡ್ಡ ಕ್ಲಬ್ಬು, ಮೊದಲ ದರ್ಜೆಯದು, ಅವನನ್ನು ಆಡಿಸಿ ನೋಡಲು ಹತ್ತು ದಿನದ ಟ್ರಯಲ್‌ಗೆ ಕರೆದಿತ್ತು. ಮುಂದಿನ ವಾರದ ಗುರುವಾರ ಹೊರಡಬೇಕು.

"ನನಗೆ ಇಪ್ಪತ್ತೇಳು," ಎಂದ ಶಿಂಪೇ. "ಇನ್ನೊಂದು ಸಲ ಕರೆಯುವುದಿಲ್ಲ. ಅಮ್ಮನಿಗೆ ಹೇಳಿದೆ. ನಿಮಗೆ ಹೇಳಿದೆ. ಬೇರೆ ಯಾರಿಗೂ ಇಲ್ಲ. ಅಲ್ಲಿಯವರೆಗೆ ಆಡಬೇಡ, ಸುಮ್ಮನೆ ವಿಶ್ರಾಂತಿ ತೆಗೆದುಕೋ ಎಂದು ಕೋಚ್ ಹೇಳಿದ್ದಾರೆ."

ಕರಿಬಸಪ್ಪ ಇದೆಲ್ಲವನ್ನೂ ಸ್ಪಷ್ಟವಾಗಿ ಕೇಳಿಸಿಕೊಂಡ. ಅವನ ಬೆನ್ನು ತಟ್ಟಿದ. ಮುಂದೆ ಎಷ್ಟೋ ವರ್ಷ, ಆ ಮಾತು ತನ್ನ ಕಿವಿಗೆ ಸರಿಯಾಗಿ ಬಿದ್ದಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಬೆನ್ನು ತಟ್ಟಿದ ಕೈ ಅದಕ್ಕೆ ಒಪ್ಪಲಿಲ್ಲ.

ಪಿಕ್‌ನಿಕ್ಕಿನ ಹಿಂದಿನ ದಿನ, ಶನಿವಾರ, ಓಂಕಾರಪ್ಪನ ಫೋನು ಬಂತು. ಒಬ್ಬನ ಮಗುವಿಗೆ ಜ್ವರ, ಇನ್ನೊಬ್ಬ ಬರ್ಬ್ಯಾಂಕಿನ ಸ್ಟುಡಿಯೋದಲ್ಲಿ ಕೆಲಸಕ್ಕೆ ಸಿಕ್ಕಿಬಿದ್ದಿದ್ದಾನೆ. "ಒಬ್ಬ ಗೆಸ್ಟ್ ಪ್ಲೇಯರ್ ತರಬಹುದು ಅಂತ ರೂಲ್ ಇದೆ ಸರ್. ನಿಮ್ಮ ಆ ಜಪಾನ್ ಹುಡುಗ..."

"ನೋಡೂಣು," ಎಂದ ಕರಿಬಸಪ್ಪ.

ಇಲ್ಲವೆನ್ನಲು ಅವಕಾಶವಿರುವ ಕಡೆ ಅವನು ಯಾವತ್ತೂ ಪ್ರಶ್ನೆ ಕೇಳಿದವನಲ್ಲ. ಶಿಂಪೇಗೆ ಫೋನ್ ಮಾಡಿ ಆಟದ ಸುದ್ದಿಯನ್ನೇ ಎತ್ತಲಿಲ್ಲ. ನಾಳೆ ಸ್ಯಾನ್ ಡಿಯಾಗೊದಲ್ಲಿ ಊಟ ಇದೆ, ಅರುಂಧತಿ ನಿನಗೆಂದೇ ಹೋಳಿಗೆ ಮಾಡಿದ್ದಾಳೆ, ನಮ್ಮ ಕಾರಿನಲ್ಲೇ ಬಂದುಬಿಡು ಎಂದ. ಅರುಂಧತಿ ಮಾಡಿದ್ದು ಅರವತ್ತು ಜನಕ್ಕೆ.

ಪಾರ್ಕಿನಲ್ಲಿ ಕಾರು ನಿಲ್ಲಿಸಿದ ಮೇಲೆ ಕರಿಬಸಪ್ಪ ಡಿಕ್ಕಿ ತೆಗೆದು ಹೊಸ ಬೂಟಿನ ಪೆಟ್ಟಿಗೆಯನ್ನೂ ಒಂದು ಜೆರ್ಸಿಯನ್ನೂ ಹೊರಗಿಟ್ಟ. ಜೆರ್ಸಿಯ ಬೆನ್ನ ಮೇಲೆ ‘ಶಿಂಪೇ’ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿದ್ದ.

"ಅರ್ಧಾ ಆಟ ಅಷ್ಟ. ಓಡೂದೇನೂ ಬ್ಯಾಡ. ನಿಂತಕೊಂಡ ಒದಿ. ನಮ್ಮ ಮಂದಿ ನಿನ್ನ ದಾರಿ ಕಾಯಾಕತ್ಯಾರ."

ಶಿಂಪೇ ಪೆಟ್ಟಿಗೆಯನ್ನು ನೋಡಿದ. ಜೆರ್ಸಿಯ ಮೇಲಿನ, ತನಗೆ ಓದಲು ಬಾರದ ತನ್ನ ಹೆಸರನ್ನು ನೋಡಿದ. ನಕ್ಕ.

"ಏನ್ರೀ ಇದು," ಎಂದು ಅರುಂಧತಿ ಕನ್ನಡದಲ್ಲಿ ತಗ್ಗಿದ ದನಿಯಲ್ಲಿ ಅಂದಳು. "ಗುರುವಾರ ಅವಂಗ ಹೋಗೂದೈತಿ. ನಿಮಗ ಗೊತ್ತಿಲ್ಲೇನು?"

"ಸುಮ್ನಿರ. ಅರ್ಧಾ ತಾಸಿನ ಮಾತು."

"ಡ್ಯಾಡ್, ಹೀ ಡಸಂಟ್ ವಾಂಟ್ ಟು," ಎಂದಳು ಹಿಂದಿನ ಸೀಟಿನಿಂದ ಸಿಂಧೂರ.

"ಅವ ಹಂಗಂದಾನೇನು?"

"ಹೀ ವೋಂಟ್ ಸೇ ಇಟ್."

ಹತ್ತು ವರ್ಷದ ಹುಡುಗಿಗೆ ಕಂಡದ್ದು ಅವನಿಗೆ ಕಾಣಲಿಲ್ಲವೆಂದಲ್ಲ. ಅದು ಕಂಡಿದ್ದರಿಂದಲೇ ಪೆಟ್ಟಿಗೆ ತಂದಿದ್ದ. ಶಿಂಪೇ ಹುಲ್ಲಿನ ಮೇಲೆ ಕೂತು ಬೂಟಿನ ದಾರ ಕಟ್ಟತೊಡಗಿದ.

ಮೊದಲ ಹತ್ತು ನಿಮಿಷ ಅವನು ನಿಂತೇ ಆಡಿದ. ನಿಂತಲ್ಲಿಂದಲೇ ಒಂದು ಗೋಲು. ಬಾಲಸುಬ್ರಹ್ಮಣ್ಯ ತಲೆಯ ಮೇಲೆ ಕೈ ಹೊತ್ತು, "ಅಂಕಲ್, ಇದು ಮೋಸ. ಮನೆಪಾಠಕ್ಕೆ ಪ್ರೊಫೆಸರ್ ಕರ್ಕೊಂಡು ಬಂದಂಗಾಯ್ತು," ಎಂದ. ಜನ ‘ಶಿಂಪೀ, ಶಿಂಪೀ’ ಎಂದು ಕೂಗತೊಡಗಿದರು. ಅಷ್ಟು ಜನ ಒಟ್ಟಿಗೆ ತನ್ನ ಹೆಸರು ಕೂಗಿದ್ದನ್ನು ಅವನು ಅಮೆರಿಕಕ್ಕೆ ಬಂದ ಮೇಲೆ ಕೇಳಿರಲಿಲ್ಲವೇನೋ. ಓಡಲು ಶುರುಮಾಡಿದ. ಎಡ ಅಂಚಿನಲ್ಲಿ ಮೂವರನ್ನು ದಾಟಿ ಎರಡನೆಯ ಗೋಲು ಹೊಡೆದ. ಕರಿಬಸಪ್ಪ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ.

ಮೂರನೆಯ ಸಲ ಓಡುವಾಗ ಅವನನ್ನು ಯಾರೂ ಮುಟ್ಟಲಿಲ್ಲ. ಆ ಪಾರ್ಕಿನ ತುಂಬ ಗೋಫರ್ ಎಂಬ ಹೆಗ್ಗಣದಂಥ ಪ್ರಾಣಿ ತೋಡಿದ ಬಿಲಗಳು. ಹುಲ್ಲು ಮುಚ್ಚಿದ ಒಂದು ಬಿಲದೊಳಗೆ ಎಡಗಾಲು ಹೋಯಿತು, ಮೈ ಮುಂದೆ ಹೋಯಿತು. ವೃತ್ತಿ ಆಟಗಾರರು ಆಡುವ ನೆಲದಲ್ಲಿ ಬಿಲ ಇರುವುದಿಲ್ಲ.

ಶಿಂಪೇ ತಾನೇ ಎದ್ದ. ರೆಫರಿಗೆ ತಲೆ ಬಾಗಿಸಿ, ಕುಂಟುತ್ತ ಹೊರಗೆ ಬಂದ. ಸ್ವಲ್ಪ ಉಳುಕಿದೆ ಎಂದರು ಎಲ್ಲರೂ. ಸೋಡಾ ಡಬ್ಬಿಗಳ ನಡುವಿನಿಂದ ಐಸು ತೆಗೆದು ಇಟ್ಟರು. ಲಾಸ್ ಏಂಜಲೀಸ್ ಎರಡು ಒಂದರಿಂದ ಗೆದ್ದಿತು. ಫೋಟೋಕ್ಕೆ ನಿಲ್ಲುವಾಗ ಶಿಂಪೇ ಓಂಕಾರಪ್ಪನ ಭುಜ ಹಿಡಿದು ಒಂಟಿ ಕಾಲಲ್ಲಿ ನಿಂತ, ನಕ್ಕ. ಮಂಡಿಯ ಪಟ್ಟಿ ಮಾರುತ್ತ ಹದಿನೈದು ವರ್ಷ ಕಳೆದಿದ್ದ ಕರಿಬಸಪ್ಪನಿಗೆ ಮಾತ್ರ ಯಾವ ಬಾವು ಮೂರು ದಿನದ್ದು, ಯಾವುದು ಜೀವಮಾನದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಅವನು ಒಂದು ಸಲ ನೋಡಿ, ಆಮೇಲೆ ಅತ್ತ ನೋಡಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಶಿಂಪೇ ಒಂದೇ ಮಾತಾಡಿದ. "ಅರ್ಧ ಆಟ ಎಂದು ಒಪ್ಪಿದ್ದೆ. ಪೂರ್ತಿ ಮಾಡಲಾಗಲಿಲ್ಲ. ಕ್ಷಮಿಸಿ."

ಕರಿಬಸಪ್ಪ ರಸ್ತೆಯ ಮೇಲೇ ಕಣ್ಣಿಟ್ಟು ಕಾರು ಓಡಿಸಿದ.

ಮಂಡಿಯ ಒಳಗಿನ ಲಿಗಮೆಂಟು ಪೂರ್ತಿ ಹರಿದಿತ್ತು. ಟ್ರಯಲ್ ಹೋಯಿತು. ಶಿಂಪೇ ತನ್ನ ಕ್ಲಬ್ಬಿನವರಿಗೆ ಬೀಚಿನ ಮೆಟ್ಟಿಲ ಮೇಲೆ ಜಾರಿದೆ ಎಂದು ಹೇಳಿದ. ಯಾರ ಹೆಸರನ್ನೂ ತೆಗೆಯಲಿಲ್ಲ. ಶುಕ್ರವಾರ, ಅವನು ಉತ್ತರದಲ್ಲಿ ಇರಬೇಕಾಗಿದ್ದ ದಿನ, ಕಂಕುಳಲ್ಲಿ ಊರುಗೋಲು ಹಿಡಿದು, ಅದರ ಜೊತೆಗೇ ಸಿಹಿಯ ಪೊಟ್ಟಣವನ್ನೂ ಹೇಗೋ ಹಿಡಿದು ಅಂಗಡಿಗೆ ಬಂದ. ನಿಮಗೆಲ್ಲ ತೊಂದರೆ ಕೊಟ್ಟೆ ಎಂದು ಸೊಂಟ ಬಗ್ಗಿಸಿದ. ಊರುಗೋಲು ಕೆಳಗೆ ಬಿತ್ತು.

ಆಗ ಹೇಳಬೇಕಾದ ಮಾತು ಒಂದೇ ಇತ್ತು. ಕರಿಬಸಪ್ಪನ ಬಾಯಿಂದ ಹೊರಬಿದ್ದದ್ದು ಬೇರೆ.

"ಮಂಡೀಗೆ ಛಲೋ ಪಟ್ಟಿ ಬಂದೈತಿ, ಜರ್ಮನಿದು. ಒಯ್ಯಿ. ರೊಕ್ಕ ಬ್ಯಾಡ."

ಶಿಂಪೇ ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ. ಕೌಂಟರಿನ ಹಿಂದೆ ನಿಂತಿದ್ದ ಅರುಂಧತಿ ಸಿಹಿಯ ಪೊಟ್ಟಣವನ್ನು ಬಿಚ್ಚಲಿಲ್ಲ.

"ಆತೇನ್ರೀ ವ್ಯಾಪಾರ?" ಎಂದಳು.

ಆಪರೇಶನ್ ಆಯಿತು. ಶಿಂಪೇ ಮತ್ತೆ ಎರಡು ಚಳಿಗಾಲ ಸ್ಯಾನ್ ಡಿಯಾಗೊದ ಗೋಡೆಗಳ ನಡುವೆ ಆಡಿದ, ಮೊದಲಿಗಿಂತ ಅರ್ಧ ಹೆಜ್ಜೆ ನಿಧಾನ. ಆ ಆಟದಲ್ಲಿ ಅರ್ಧ ಹೆಜ್ಜೆ ಎಂದರೆ ಪೂರ್ತಿ ಆಟವೇ. 2015ರಲ್ಲಿ ಬಿಟ್ಟ. ಅಷ್ಟರಲ್ಲಿ ಗಾರ್ಡೀನಾದ ಹುಡುಗಿಯೊಬ್ಬಳನ್ನು ಮದುವೆಯಾಗಿದ್ದ. ವಾಲ್‌ನಟ್ ಎಂಬ ಊರಿನಲ್ಲಿ ಮಕ್ಕಳಿಗೆ ಕೋಚ್ ಆದ. ಅಲ್ಲಿಯ ಕನ್ನಡದ ಮನೆಗಳ ಮಕ್ಕಳನ್ನು ಅವನ ಬಳಿಗೆ ಕಳಿಸಿದವನು ಕರಿಬಸಪ್ಪನೇ. ಎಲ್ಲರೂ ಅದನ್ನು ದೊಡ್ಡ ಮನಸ್ಸು ಎಂದರು. ಪರದೇಶದ ಹುಡುಗನನ್ನು ಕೈಹಿಡಿದು ನಿಲ್ಲಿಸಿದವರು ಎಂದರು. ಕರಿಬಸಪ್ಪ ‘ಇಲ್ಲ’ ಎನ್ನಲಿಲ್ಲ. ಶಿಂಪೇ ಯಾಕೆ ಮೊದಲ ದರ್ಜೆಗೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಅವನ ನಸೀಬು," ಎಂದು ಹೇಳಿ ಷೆಲ್ಫಿನ ಕಡೆ ತಿರುಗುತ್ತಿದ್ದ. ಪಿಕ್‌ನಿಕ್ಕಿಗೆ ಜೆರ್ಸಿ ಕೊಡುವುದನ್ನು ಮೆಲ್ಲಗೆ ನಿಲ್ಲಿಸಿದ. ಶಿಂಪೇ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಹೊಸ ವರ್ಷಕ್ಕೆ ಕ್ಯಾಲೆಂಡರು ತರುತ್ತಿದ್ದ, ಬೇಸಿಗೆಗೆ ಹಣ್ಣು ತರುತ್ತಿದ್ದ. ಅವನ ಕಾರು ಕಂಡರೆ ಕರಿಬಸಪ್ಪನಿಗೆ ಗೋದಾಮಿನಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

2019ರ ಜೂನಿನಲ್ಲಿ ಶಿಂಪೇ ಊರಿಗೆ ಹೊರಟ. ತೊತ್ತೊರಿಯ ಹಳೆಯ ಕ್ಲಬ್ಬು ಹುಡುಗರಿಗೆ ಕಲಿಸಲು ಕರೆದಿತ್ತು. ವಾಲ್‌ನಟ್‌ನ ಒಂದು ಶಾಲೆಯ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಬೀಳ್ಕೊಡುಗೆ. ಓಂಕಾರಪ್ಪನ ಏರ್ಪಾಡು. ಬೇರೆ ಭಾಷೆಯ ತಂದೆತಾಯಿಗಳಿಗೂ ಶಿಂಪೇಗೂ ತಿಳಿಯಲೆಂದು, ಕನ್ನಡದಲ್ಲಿ ಆಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಸಿಂಧೂರಳನ್ನು ಮೈಕಿನ ಪಕ್ಕ ನಿಲ್ಲಿಸಿದ್ದರು. ಅವಳಿಗೆ ಈಗ ಹದಿನೇಳು.

ಶಿಂಪೇಗೆ ಸನ್ಮಾನ ಎಂದಷ್ಟೇ ಕರಿಬಸಪ್ಪನಿಗೆ ಗೊತ್ತಿತ್ತು. ಓಂಕಾರಪ್ಪ ಮೈಕು ಹಿಡಿದು, "ಕೋಚ್‌ಗೆ ಸನ್ಮಾನ ಮಾಡೋಕೆ ಮುಂಚೆ, ಅವರನ್ನ ನಮಗೆ ಕೊಟ್ಟ ಪುಣ್ಯಾತ್ಮರನ್ನ ಸ್ಟೇಜಿಗೆ ಕರೀತೀನಿ. ಇವರಿಲ್ಲದಿದ್ರೆ ಶಿಂಪೇ ಇವತ್ತು ಇಲ್ಲಿ ಇರ್ತಿರ್ಲಿಲ್ಲ," ಎಂದ.

ಆ ಕೊನೆಯ ಮಾತು ಎಷ್ಟು ನಿಜವೆಂದು ಸಭಾಂಗಣದಲ್ಲಿ ನಾಲ್ಕು ಜನರಿಗೆ ಮಾತ್ರ ಗೊತ್ತಿತ್ತು. ಕರಿಬಸಪ್ಪ ಮೆಟ್ಟಿಲು ಹತ್ತಿದ. ಓಂಕಾರಪ್ಪ ಶಾಲು ಬಿಡಿಸಿ ಹೊದಿಸಲು ಬಂದ. ಹೊದ್ದುಕೊಂಡು, ಕೈಮುಗಿದು ಇಳಿದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು; ಬುಧವಾರ ಶಿಂಪೇಯ ವಿಮಾನ. ಮುಂದಿನ ಸಾಲಿನಲ್ಲಿ ಶಿಂಪೇ ಚಪ್ಪಾಳೆ ತಟ್ಟುತ್ತಿದ್ದ, ಎಲ್ಲರಿಗಿಂತ ಜೋರಾಗಿ. ಕರಿಬಸಪ್ಪ ಓಂಕಾರಪ್ಪನ ಕೈಯನ್ನು ಹಿಡಿದುಕೊಂಡ.

"ಶಾಲ ಬ್ಯಾಡ್ರಿ. ನಂದೊಂದ ಮಾತೈತಿ."

ಹೇಳಲು ಶುರುಮಾಡಿ ಮೊದಲು ಅಂಗಡಿಯ ಸುದ್ದಿ ಹೇಳಿದ. ಆಮೇಲೆ ಪಿಕ್‌ನಿಕ್ಕಿನ ಸುದ್ದಿ, ನಾಲ್ಕು ವರ್ಷದ ಸೋಲಿನ ಸುದ್ದಿ. ಜನ ನಕ್ಕರು, ತಮಾಷೆಯ ಭಾಷಣ ಎಂದುಕೊಂಡರು. ಸುತ್ತಿ ಬಳಸಿ ಕಡೆಗೆ ಗುರುವಾರಕ್ಕೆ ಬಂದ. "ಇಂವಗ ಟ್ರಯಲ್ ಇತ್ತು. ದೊಡ್ಡ ಕ್ಲಬ್ಬಿಂದು. ಆಡಬ್ಯಾಡ ಅಂದಿದ್ರು. ಅದು ನನಗ ಗೊತ್ತಿತ್ತು. ಗೊತ್ತಿದ್ದ ಕರಕೊಂಡ ಹೋದೆ. ಇಂವ ಇಲ್ಲ ಅನ್ನಂಗಿಲ್ಲ ಅಂತನೂ ಗೊತ್ತಿತ್ತು. ಏಳು ವರ್ಷ ಆತು, ತಪ್ಪಾತು ಅಂತ ಒಂದ ಮಾತ ಅಂದಿಲ್ಲ."

ನಗು ನಿಂತಿತ್ತು. ಕನ್ನಡ ತಿಳಿಯದವರು ಸಿಂಧೂರಳ ಮುಖ ನೋಡಿದರು. ಅವಳು ಮೈಕನ್ನು ಕೈಯಿಂದ ಮುಚ್ಚಿ, "ಡ್ಯಾಡ್, ಐ ಕಾಂಟ್ ಸೇ ದ್ಯಾಟ್," ಎಂದಳು.

"ಹೇಳವ್ವಾ. ಕಾರಿನ್ಯಾಗ ಅವತ್ತ ನೀ ಹೇಳಿದ್ದೆಲ್ಲಾ, ನಾ ಕೇಳಲಿಲ್ಲ. ಇವತ್ತ ನಾ ಹೇಳಿದ್ದ ಹೇಳು."

ತಂದೆ ಕನ್ನಡದಲ್ಲಿ ಹತ್ತು ನಿಮಿಷ ಸುತ್ತಾಡಿದ್ದು ಮಗಳ ಇಂಗ್ಲಿಷಿನಲ್ಲಿ ಮೂರು ವಾಕ್ಯವಾಯಿತು. ಟ್ರಯಲ್ ಇರುವುದು ಅಪ್ಪನಿಗೆ ಗೊತ್ತಿತ್ತು. ಆದರೂ ಕರೆದುಕೊಂಡು ಹೋದರು. ಅದಕ್ಕೆ ಅವರಿಗೆ ನಾಚಿಕೆಯಾಗಿದೆ. ಸುತ್ತುಬಳಸು ಉದುರಿಹೋದ ಮೇಲೆ ಅದು ಎಷ್ಟು ಸಣ್ಣ ಮಾತು, ಎಷ್ಟು ಕೊಳಕು ಎಂದು ಕರಿಬಸಪ್ಪನಿಗೇ ಆಗ ತಿಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಓಂಕಾರಪ್ಪ ಶಾಲನ್ನು ಮಡಚಲೂ ಆಗದೆ ಬಿಡಲೂ ಆಗದೆ ನಿಂತಿದ್ದ.

ಶಿಂಪೇ ಎದ್ದು ಬಂದ. ಕರಿಬಸಪ್ಪನ ಮೊಣಕೈ ಹಿಡಿದು ಪಕ್ಕದ ಬಾಗಿಲಿನಿಂದ ಹೊರಗಿನ ವರಾಂಡಕ್ಕೆ ಕರೆದುಕೊಂಡು ಹೋದ. ಪರವಾಗಿಲ್ಲ ಎಂದು ಹೇಳುತ್ತಾನೆ ಎಂದುಕೊಂಡಿದ್ದ ಕರಿಬಸಪ್ಪ. ಶಿಂಪೇ ಹಾಗೆ ಹೇಳಲಿಲ್ಲ.

"ನಾನು ಅಮ್ಮನಿಗೆ ಸುಳ್ಳು ಹೇಳಿದ್ದೇನೆ," ಎಂದ. "ಆ ಕ್ಲಬ್ಬಿನವರೇ ಟ್ರಯಲ್ ಬೇಡ ಎಂದರು ಅಂತ. ಅವಳು ಎರಡು ಕಡೆ ಕೆಲಸ ಮಾಡಿ ನನ್ನನ್ನು ಆಡಿಸಿದಳು. ಪಿಕ್‌ನಿಕ್ಕಿನಲ್ಲಿ ಕಾಲು ಹಾಳುಮಾಡಿಕೊಂಡೆ ಎಂದು ಹೇಗೆ ಹೇಳಲಿ? ಏಳು ವರ್ಷದಿಂದ ಆ ಕ್ಲಬ್ಬನ್ನು ಬೈಯುತ್ತಿದ್ದಾಳೆ. ಈ ವಾರವೇ ಅವಳ ಮುಂದೆ ಹೋಗಿ ಕೂರಬೇಕು. ನೀವು ಎಲ್ಲರ ಎದುರು ಹೇಳಿದಿರಿ. ನಾನೂ ಈಗ ಹೇಳಬೇಕು. ನೀವು ಇಲ್ಲೇ ಇರಿ."

ಅಲ್ಲಿ ಸಂಜೆ ನಾಲ್ಕಾದರೆ ಜಪಾನಿನಲ್ಲಿ ಮರುದಿನ ಬೆಳಗಿನ ಎಂಟು. ತಾಯಿ ಫೋನು ತೆಗೆದುಕೊಂಡಳು. ಶಿಂಪೇ ನಿಂತೇ ಮಾತಾಡಿದ, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗನ ಹಾಗೆ, ನೆಲ ನೋಡುತ್ತ. ಕರಿಬಸಪ್ಪನಿಗೆ ಒಂದು ಶಬ್ದವೂ ತಿಳಿಯಲಿಲ್ಲ. ತನ್ನ ಹೆಸರು ಬರುತ್ತದೆಯೇ ಎಂದು ಕಿವಿಗೊಟ್ಟು ಕಾದ. ‘ಸ್ಯಾನ್ ಡಿಯಾಗೊ’ ಬಂತು, ‘ಪಿಕ್‌ನಿಕ್’ ಬಂತು. ಹೆಸರು ಬರಲಿಲ್ಲ. ಈಗಲೂ ಈ ಮನುಷ್ಯ ತನ್ನನ್ನು ಬಿಟ್ಟುಕೊಡುತ್ತಿಲ್ಲ ಎಂದು ತಿಳಿದಾಗ ಅವನ ತಲೆ ತಾನಾಗಿ ತಗ್ಗಿತು. ಕೈ ಚಾಚಿದ.

"ಇಲ್ಲಿ ಕೊಡು."

ಫೋನು ಕಿವಿಗಿಟ್ಟುಕೊಂಡ. ಆ ಕಡೆ ಉಸಿರಾಟ ಕೇಳಿಸುತ್ತಿತ್ತು. ಇಂಗ್ಲಿಷು ಅವಳಿಗೆ ಬರುವುದಿಲ್ಲ, ಜಪಾನಿ ತನಗೆ ಬರುವುದಿಲ್ಲ. ಇನ್ನೇನು ಮಾಡುವುದು ಎಂದು, "ತಪ್ಪಾತ್ರೀ ಅವ್ವಾ," ಎಂದ. ಮತ್ತೊಮ್ಮೆ ಅದನ್ನೇ ಅಂದ. ಅವಳು ಏನೋ ಕೇಳಿದಳು, ಸಣ್ಣ ಪ್ರಶ್ನೆ. ಶಿಂಪೇ ಫೋನು ವಾಪಸು ತೆಗೆದುಕೊಂಡು ಕೇಳಿಸಿಕೊಂಡ.

"ಏನಂತಾರ?"

"ಇವರು ಯಾರು ಎಂದು ಕೇಳುತ್ತಿದ್ದಾಳೆ." ಫೋನಿನ ಮೇಲೆ ಕೈ ಮುಚ್ಚಿಕೊಂಡು ಶಿಂಪೇ ಅವನನ್ನು ನೋಡಿದ. ಈ ಸಲ ಅವನ ಮುಖದಲ್ಲಿ ನಗು ಇರಲಿಲ್ಲ. "ಯಾರು ಎಂದು ಹೇಳಲಿ?"

ಹನ್ನೊಂದು ವರ್ಷ ಇದಕ್ಕೆ ಕರಿಬಸಪ್ಪನ ಬಳಿ ಎಷ್ಟೊಂದು ಉತ್ತರಗಳಿದ್ದವು.

"ಗುರುವಾರದ್ದು ಗೊತ್ತಿದ್ದಾಂವ," ಎಂದ ಅವನು. "ಹಂಗಂತ ಹೇಳು."

ಶಿಂಪೇ ಕೈ ತೆಗೆದು ತಾಯಿಗೆ ಹೇಳತೊಡಗಿದ. ಅವನು ಹೇಳಿ ಮುಗಿಸುವವರೆಗೆ ಕರಿಬಸಪ್ಪ ಗೋಡೆಗೆ ಆತುಕೊಳ್ಳದೆ ನಿಂತೇ ಇದ್ದ.